ಜೂಜಿನ ದುಡ್ಡು ಬೇಡವೆಂದ ಸಭಾಮನೆಗೆ ಮ್ಯಾವಿಸ್ ಚಾವಣಿ ಹಾಕಿಸಿದ್ದು

ಬೆಳಕು ಹರಿಯುವ ಮುಂಚೆಯೇ ಮ್ಯಾವಿಸ್ ಮೆಟ್‌ಕಾಫ್ ಸ್ಕಾರ್‌ಬೆಕ್ ಊರಿನ ಕ್ವೇಕರ್ ಎಂಬ ಕ್ರೈಸ್ತ ಪಂಥದ ಸಭಾಮನೆಯ ಬಾಗಿಲನ್ನು ಭುಜ ಕೊಟ್ಟು ನೂಕುತ್ತಾರೆ. ಮುನ್ನೂರು ವರ್ಷದ ಬಾಗಿಲು, ತೇವ ಕುಡಿದು ಉಬ್ಬಿದೆ. ಒಳಗೆ ಬೆಂಚುಗಳ ನಡುವೆ ಬಕೆಟ್ಟು, ಬೋಗುಣಿ, ಮಗುವಿಗೆ ಸ್ನಾನ ಮಾಡಿಸುವ ತೊಟ್ಟಿ. ಚಾವಣಿ ಸೋರಿ ಎಲ್ಲವೂ ತುಂಬಿವೆ. ಬೈಯುತ್ತಲೇ ಒಂದೊಂದನ್ನೂ ಹೊರಗೆ ಚೆಲ್ಲುತ್ತಾರೆ.

"ಭಾನುವಾರ ಇಲ್ಲಿ ಎಲ್ರೂ ಪ್ರಾರ್ಥನೆಗೆ ಬಾಯಿ ಮುಚ್ಕೊಂಡು ಕೂರ್ತಾರೆ. ಅದಕ್ಕೇ ಬೈಗುಳಾನೆಲ್ಲ ವಾರದ ದಿನಾನೇ ಮುಗಿಸ್ಬಿಡ್ತೀನಿ."

ಮ್ಯಾವಿಸ್ ಕ್ವೇಕರ್ ಅಲ್ಲ. ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದವರು. ಈಗ ಇಲ್ಲಿ ಕಸ ಗುಡಿಸಿ, ಒಲೆ ಹೊತ್ತಿಸಿ, ಗೋಡೆಗೆ ಸುಣ್ಣ ಹೊಡೆಯುತ್ತಾರೆ. ಈ ಮನೆಯ ಚಿತ್ರ ಕ್ಯಾಲೆಂಡರುಗಳಲ್ಲಿ ಬರುತ್ತದೆ. ಸುಣ್ಣ ಹೊಡೆದವರು ಯಾರೆಂದು ಒಬ್ಬನೂ ಕೇಳಿಲ್ಲ. ನಾಚಿಕೆಗೇಡು.

ಈ ಚಳಿಗಾಲದ ಹಿಮ ಬಿದ್ದರೆ ತೊಲೆ ಮುರಿಯುತ್ತದೆ, ಸಭಾಮನೆಗೆ ಬೀಗ ಹಾಕಬೇಕಾಗುತ್ತದೆ ಎಂದು ಮೇಸ್ತ್ರಿ ಹೇಳಿದಾಗ ಮ್ಯಾವಿಸ್ ಪಬ್ಬಿನಲ್ಲಿ ಲಾಟರಿ ಚೀಟಿ ಮಾರಿದರು. ಬಹುಮಾನ ಒಂದು ಉಪ್ಪುಹಾಕಿದ ಹಂದಿತೊಡೆ. ಊರೇ ಕೊಂಡಿತು. ದುಡ್ಡಿನ ಡಬ್ಬಿಯನ್ನು ಸಭೆಯ ಮುಂದಿಟ್ಟಾಗ ಕುರಿ ಸಾಕುವ ಮುದುಕ ಆಂಬ್ರೋಸ್ ಆಲ್ಡರ್‌ಸನ್ ಎದ್ದು ನಿಂತರು.

"ಇದು ಜೂಜು, ಮ್ಯಾವಿಸ್. ನಾವು ಮುಟ್ಟಲ್ಲ."

"ನೀನು ಮುಟ್ಬೇಡ ಮಾರಾಯ, ಮೇಸ್ತ್ರಿ ಮುಟ್ತಾನೆ."

"ನನ್ನ ಮನಸ್ಸು ಒಪ್ತಿಲ್ಲ."

ಅಲ್ಲಿಗೆ ಮುಗಿಯಿತು. ಕ್ವೇಕರರಲ್ಲಿ ಮತ ಎಣಿಸುವ ಪದ್ಧತಿಯಿಲ್ಲ. ಒಬ್ಬ ಒಪ್ಪದಿದ್ದರೂ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಎಲ್ಲರೂ ಮತ್ತೆ ಮೌನಕ್ಕೆ ಕೂತರು. ಆಂಬ್ರೋಸರ ಬೋಳುತಲೆಯ ಮೇಲೆ ಚಾವಣಿಯಿಂದ ತೊಟ್ಟು ತೊಟ್ಟಾಗಿ ನೀರು ಬೀಳುತ್ತಿತ್ತು. ಮನುಷ್ಯ ಒಂದಿಷ್ಟೂ ಸರಿಯಲಿಲ್ಲ. ಕೊನೆಗೆ ಮೂಗಿನ ಮೇಲೆ ಇಳಿದ ಆ ನೀರು ಒರೆಸಿಕೊಂಡು ಹೇಳಿದ್ದು ಇಷ್ಟೇ: "ಕೊಟ್ಟವರಿಗೆ ವಾಪಸ್ ಕೊಡು."

ಮ್ಯಾವಿಸ್ ಮಳೆಯಲ್ಲೇ ಮನೆಮನೆಗೆ ಹೊರಟರು. ಮೊದಲ ಬಾಗಿಲು ಪಬ್ಬಿನ ಒಡತಿ ಗ್ಲೆನಿಸಳದು.

"ವಾಪಸ್ಸಾ? ನಾನು ಕೊಟ್ಟಿದ್ದು ಚಾವಣಿಗೆ ಕಣೇ, ಹಂದಿಗಲ್ಲ!" ಎಂದವಳು ದುಡ್ಡು ತೆಗೆದುಕೊಂಡು, ಅದನ್ನೇ ಮ್ಯಾವಿಸ್ ಅವರ ಕೋಟಿನ ಜೇಬಿಗೆ ತುರುಕಿದಳು. "ತಗೋ, ಈಗಿದು ದಾನ. ಹೋಗಿ ಹೇಳು ಆ ಮೊಂಡನಿಗೆ."

ಸುದ್ದಿ ಮ್ಯಾವಿಸ್‌ಗಿಂತ ಮುಂದೆ ಓಡಿತು. ಜನ ಬಾಗಿಲಲ್ಲೇ ಕಾದು ನಿಂತು, ಒಂದು ಕೈಯಲ್ಲಿ ಪಡೆದು ಇನ್ನೊಂದು ಕೈಯಲ್ಲಿ ಕೊಟ್ಟರು. ಆಂಬ್ರೋಸರ ಮೇಲಿನ ಸಿಟ್ಟಿಗೆ ಕೆಲವರು ಹೆಚ್ಚೇ ಕೊಟ್ಟರು. ಬಹುಮಾನ ಗೆದ್ದಿದ್ದ ಅಂಚೆಯವ ಮಾತ್ರ ತಲೆ ಕೆರೆದುಕೊಂಡ. "ತಿಂದಾಯ್ತಲ್ಲ ಮ್ಯಾವಿಸ್. ಮೂಳೆ ಇದೆ, ತರ್ಲಾ?" ಆಮೇಲೆ ಅವನೇ ಬೇರೊಂದು ಹಂದಿತೊಡೆ ಕೊಂಡು ತಂದು ಮೇಸ್ತ್ರಿಯ ಆಳುಗಳಿಗೆ ಕೊಟ್ಟ.

ಮುಂದಿನ ಸಭೆಯಲ್ಲಿ ಆಂಬ್ರೋಸ್ ಎದ್ದರು. "ಈಗ ಒಪ್ಪಿಗೆ," ಎಂದು ಕೂತರು.

ಇವತ್ತು ಬಕೆಟ್ಟು ಚೆಲ್ಲಿ ಮುಗಿಯುವಷ್ಟರಲ್ಲಿ ಆಳುಗಳು ಏಣಿ ಏರಿದ್ದಾರೆ. ಅರ್ಧ ಚಾವಣಿಗೆ ಹೊಸ ಕಲ್ಲುಹಂಚು ಕೂತಿದೆ. ಮ್ಯಾವಿಸ್ ಕೆಳಗೆ ನಿಂತು ಹಂಚು ಎತ್ತಿಕೊಡುತ್ತಿದ್ದಾರೆ. ಆಂಬ್ರೋಸ್ ಬಂದು ಕತ್ತು ಮೇಲೆತ್ತಿ ಕಣ್ಣು ಕಿರಿದು ಮಾಡುತ್ತಾರೆ.

"ಆ ಸಾಲು ಸೊಟ್ಟ ಇದೆ. ಬಿಚ್ಚಿಸಿ ಮತ್ತೆ ಹಾಕ್ಸು."

ಮ್ಯಾವಿಸ್ ಕೈಯ ಹಂಚು ಕೆಳಗಿಡುತ್ತಾರೆ. "ಎಲ್ರೂ ಒಪ್ಪಿದ್ರೆ ತಾನೆ ನಿಮ್ಮಲ್ಲಿ ಕೆಲಸ ನಡೆಯೋದು?"

"ಹೌದು."

"ನಾನು ಒಪ್ತಿಲ್ಲ."