ಮಾರೆವ್ವನ ಭುಜ, ಪಾತರಗಿತ್ತಿ ಈಜು

ಮಾರೆವ್ವನ ಭುಜದ ನೋವು ವಾಸಿಯಾಗಿ ಎರಡು ತಿಂಗಳಾಗಿತ್ತು. ಈ ಸಂಗತಿ ಗೊತ್ತಿದ್ದದ್ದು ಮಾರೆವ್ವನೊಬ್ಬಳಿಗೇ. ಮನೆಯಲ್ಲಿ ಮಾತ್ರ ಆಕೆ ಸಂಜೆಯಾದರೆ ಸಾಕು, ಭುಜ ಹಿಡಿದುಕೊಂಡು ಮುಖ ಕಿವುಚಿ, "ಯವ್ವಾ, ಇನ್ನೂ ಜಗ್ಗತೈತಿ" ಎಂದು ನರಳುತ್ತಿದ್ದಳು. ನರಳುವುದರಲ್ಲಿ ಆಕೆಯನ್ನು ಮೀರಿಸುವವರು ಇಡೀ ಕೊಪ್ಪಳದಲ್ಲಿ ಇರಲಿಲ್ಲ ಬಿಡಿ.

ಯಾಕೆ ಈ ನಾಟಕ ಅಂತೀರಾ? ಹೇಳುತ್ತೇನೆ. ಮಾರೆವ್ವ ಮತ್ತು ಪಕ್ಕದ ಮನೆಯ ಇಮಾಮಬೀ ಕೂಡಿ ಜೋಳದ ರೊಟ್ಟಿ ಮಾಡಿ ಮಾರುತ್ತಾರೆ. ಓಣಿಗೆಲ್ಲ ಕೇಳುವ ಹಾಗೆ ಪಟಪಟ ರೊಟ್ಟಿ ಬಡಿದೂ ಬಡಿದೂ ಮಾರೆವ್ವನ ಬಲಭುಜ ಒಂದು ದಿನ ಮೇಲೇಳಲಾರೆ ಎಂದು ಮುಷ್ಕರ ಹೂಡಿತು. ಡಾಕ್ಟರು ಗುಳಿಗೆ ಬರೆದುಕೊಟ್ಟು, ಜತೆಗೆ ಈಜು ಕಲಿಯಿರಿ ಎಂದರು. ಕುಕನೂರಿನ ಒಣಸೀಮೆಯಲ್ಲಿ ಹುಟ್ಟಿದ ಹೆಂಗಸು. ಕೊಡದೊಳಗಿನ ನೀರನ್ನಲ್ಲದೆ ಬೇರೆ ನೀರನ್ನು ನಂಬಿದವಳಲ್ಲ. ಆದರೆ ಇಮಾಮಬೀ ಬಿಡಬೇಕಲ್ಲ! "ಡಾಕ್ಟರ್ ಹೇಳ್ಯಾರ, ಹೋಗ ಮಾರಿ. ದಿನಾ ಒಂದ್ ತಾಸು ನಿನ್ನ ಹಂಚೂ ನಾನ ನೋಡ್ಕೋತೀನಿ" ಎಂದು ದಬ್ಬಿಯೇ ಕಳಿಸಿದಳು. ಗಂಡ ಗಾಳೇಶನೂ ಹೂಂ ಎಂದ. ಔಷಧಿ ಬೇಡ ಅಂತ ಯಾರು ಹೇಳುತ್ತಾರೆ?

ಈಜುಕೊಳದಲ್ಲಿ ಮಧ್ಯಾಹ್ನ ಒಂದು ತಾಸು ಹೆಂಗಸರಿಗೆ ಮೀಸಲು. ಮೊದಮೊದಲು ಮಾರೆವ್ವ ಗೋಡೆಗೆ ಉಡದ ಹಾಗೆ ಅಂಟಿಕೊಂಡಿದ್ದಳು. ಆಮೇಲೆ ತೇಲಿದಳು, ಕಾಲು ಬಡಿದಳು, ಒಂದು ದಂಡೆಯಿಂದ ಇನ್ನೊಂದು ದಂಡೆ ಮುಟ್ಟಿದಳು. ಭುಜ ಸಡಿಲಾಯಿತು, ನೋವು ಹೋಯಿತು. ಅಲ್ಲಿಗೆ ಕಥೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಒಂದು ದಿನ ಈಜು ಕಲಿಸುವ ಅಮೃತಾ ತನ್ನ ಪಾಡಿಗೆ ತಾನು ನೀರಿಗಿಳಿದಳು. ಹನುಮನಹಳ್ಳಿಯ ಹುಡುಗಿ, ಹೊಳೆಯಲ್ಲೇ ಆಡಿ ಬೆಳೆದವಳು. ಎರಡೂ ತೋಳು ಒಮ್ಮೆಗೇ ಚಾಚಿ ನೀರಿನ ಮೇಲೆ ಹಾರಿದಳು, ಮುಳುಗಿದಳು, ಮತ್ತೆ ಹಾರಿದಳು. ಮಾರೆವ್ವನ ಬಾಯಿ ತೆರೆದದ್ದು ತೆರೆದೇ ಇತ್ತು.

"ಅದೇನ್ರಿ ಟೀಚರ್ ಅದು?"

"ಬಟರ್‌ಫ್ಲೈ ಅಂತಾರ್ರಿ ಅಕ್ಕಾರ. ಪಾತರಗಿತ್ತಿ."

"ನನಗ ಅದ ಬೇಕ್ರಿ" ಎಂದಳು ಮಾರೆವ್ವ, ಅಂಗಡಿಯಲ್ಲಿ ಸೀರೆಗೆ ಬೆರಳು ತೋರಿಸುವವಳ ಹಾಗೆ.

ಬೇಕೇನೋ ಬೇಕು. ಆದರೆ ನೋವು ಹೋಗಿದೆ ಎಂದು ಮನೆಯಲ್ಲಿ ಗೊತ್ತಾದರೆ ಆ ತಾಸೂ ಹೋದಂತೆಯೇ. ಔಷಧಿಗೆ ಬಿಡುವು ಕೊಟ್ಟವರು ಖುಷಿಗೆ ಕೊಟ್ಟಾರೆಯೇ? ಹುಟ್ಟಿದಾಗಿನಿಂದ ತನ್ನದು ಅಂತ ಮಾರೆವ್ವನಿಗೆ ಸಿಕ್ಕಿದ್ದು ಅದೊಂದೇ ತಾಸು. ಅದನ್ನು ಬಿಟ್ಟುಕೊಡಲು ಆಕೆಯ ಜೀವ ಒಪ್ಪಲಿಲ್ಲ. ಹೀಗೆ ಶುರುವಾಯಿತು ನೋಡಿ ಆ ನರಳಾಟ.

ಪಾತರಗಿತ್ತಿ ಸುಮ್ಮನೆ ಕೈಗೆ ಸಿಗುತ್ತದೆಯೇ? ರೊಟ್ಟಿ ಬಡಿಯುವವರ ಬಲಗೈ ಬಡಿಯುತ್ತದೆ, ಎಡಗೈ ತಿರುಗಿಸುತ್ತದೆ. ಮಾರೆವ್ವ ನೀರಿನಲ್ಲೂ ಅದನ್ನೇ ಮಾಡಿದಳು. ಬಲ ಅಂಗೈ ನೀರನ್ನು ಫಟ್ಟನೆ ಬಡಿಯಿತು, ಎಡಗೈ ಮೆಲ್ಲಗೆ ಒಂದು ಕಡೆ ಎಳೆಯಿತು. ಹಂಚಿನ ಮೇಲಿನ ರೊಟ್ಟಿಯ ಹಾಗೆ ಮಾರೆವ್ವನೇ ಗರಗರ ತಿರುಗಿ, ಹೊರಟಲ್ಲಿಗೇ ಬಂದು ನಿಂತಳು.

ಅಮೃತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಕ್ಕಾರ, ನೀರು ಬಡೀಬ್ಯಾಡ್ರಿ! ಎರಡೂ ಕೈ ಕೂಡೇ ಬರಬೇಕು, ಕೂಡೇ ಹೋಗಬೇಕು. ಮೊದಲ ಎದಿ ಒತ್ರಿ, ಸೊಂಟ ತಾನ ಮ್ಯಾಲ ಬರ್ತೈತಿ. ಕೈ ನೀರಿಗೆ ಬಿದ್ದಾಗ ಒಂದ್ ಒದಿ, ಕೈ ನೀರು ಬಿಡೋವಾಗ ಇನ್ನೊಂದ್ ಒದಿ. ಉಸಿರಿಗೆ ಗದ್ದ ಅಷ್ಟ ಎತ್ರಿ, ಮುಗಿಲು ನೋಡಬ್ಯಾಡ್ರಿ."

ಹೇಳಿದಷ್ಟು ಸಲೀಸೇ? ಎದೆ ಒತ್ತಿದರೆ ಕಾಲು ಮರೆಯುತ್ತಿತ್ತು, ಕಾಲು ನೆನಪಾದರೆ ಮೂಗಿಗೆ ನೀರು. ಮನೆಯಲ್ಲಿ ಜೋಳದ ಚೀಲದ ಮೇಲೆ ಬೋರಲು ಮಲಗಿ ಎರಡೂ ಕೈ ಬೀಸುತ್ತಿದ್ದಾಗ ಗಾಳೇಶ ಒಳಗೆ ಬಂದುಬಿಟ್ಟ.

"ಏನ್ ಆಗೈತಿ ನಿನಗ?"

"ಭುಜದ ವ್ಯಾಯಾಮ ರೀ! ಡಾಕ್ಟರ್ ಹೇಳ್ಯಾರ" ಎಂದು ಮಾರೆವ್ವ ಕೂಡಲೇ ಒಮ್ಮೆ ನರಳಿದಳು. ಪಾಪ, ಅವನು ಎಣ್ಣೆ ಬಿಸಿ ಮಾಡಿ ತಂದ. ಆಕೆಗೆ ಕೆಡುಕೆನಿಸಿತು, ಆದರೂ ಹಚ್ಚಿಸಿಕೊಂಡಳು.

ಒಂದು ಮುಂಜಾನೆ ಪರಾತದ ಮುಂದೆ ಮೊಣಕಾಲೂರಿ ಹಿಟ್ಟು ನಾದುತ್ತಿದ್ದವಳು ಗಕ್ಕನೆ ತನ್ನ ಕೈ ನೋಡಿಕೊಂಡಳು. ಎರಡೂ ಅಂಗೈ ಒಟ್ಟಿಗೇ ಒತ್ತುತ್ತಿದ್ದವು. ಎದೆಯ ಭಾರ ಕೆಳಗೆ ಹೋಗುತ್ತಿತ್ತು, ಸೊಂಟ ತಾನಾಗಿ ಏಳುತ್ತಿತ್ತು. ಎಲಾ ಇದರ! ಇಷ್ಟು ದಿನ ನೀರನ್ನು ಬಡಿಯುತ್ತಿದ್ದೆನಲ್ಲ, ನಾದಬೇಕಿತ್ತು! ಅಂದು ಮಾರೆವ್ವ ಹಿಟ್ಟನ್ನು ಎಷ್ಟು ಹುರುಪಿನಿಂದ ನಾದಿದಳೆಂದರೆ ಗಿರಾಕಿಗಳು ರೊಟ್ಟಿ ಭಾರಿ ಮೆತ್ತಗಿವೆ ಎಂದು ಹೊಗಳಿದರು.

ಮಧ್ಯಾಹ್ನ ಆಕೆ ಈಜುಕೊಳದಲ್ಲಿದ್ದಾಗ ಇತ್ತ ಕುಷ್ಟಗಿಯಿಂದ ಮದುವೆ ಮನೆಯವರು ಬಂದು, ಸಂಜೆಗೇ ರಾಶಿ ರೊಟ್ಟಿ ಬೇಕೆಂದು ಕೂತರು. ಮಾರೆವ್ವನ ಫೋನು ಬಟ್ಟೆಯ ಗಂಟಿನಲ್ಲಿ ಬಡಕೊಳ್ಳುತ್ತಿತ್ತು, ಕೇಳುವವರಿಲ್ಲ. ಹೆಂಗಸರ ಹೊತ್ತಿನಲ್ಲಿ ಗಾಳೇಶ ಒಳಗೆ ಹೋಗುವಂತಿಲ್ಲ. ಇಮಾಮಬೀ ಹಂಚು ಇಳಿಸಿ, ಹಿಟ್ಟಿನ ಕೈಯಲ್ಲೇ ಆಟೋ ಹತ್ತಿದಳು.

ಅದೇ ಹೊತ್ತಿಗೆ ಮಾರೆವ್ವ ಗೋಡೆ ಒದ್ದು ಹೊರಟಿದ್ದಳು. ಎದೆ ಒತ್ತಿದಳು, ಸೊಂಟ ಎದ್ದಿತು. ಎರಡೂ ತೋಳು ಒಟ್ಟಿಗೇ ನೀರು ಸೀಳಿ ಬಂದವು. ಇನ್ನೊಮ್ಮೆ. ಮತ್ತೊಮ್ಮೆ. ಬಡಿತವಿಲ್ಲ, ತಿರುಗುವುದಿಲ್ಲ! ನೀರು ತನ್ನನ್ನು ಎತ್ತಿ ಮುಂದೆ ಹಾಕುತ್ತಿದೆ. ಅಮೃತಾ ದಂಡೆಯ ಮೇಲೆ ಕುಣಿಯುತ್ತ, "ಬರ್ರಿ ಅಕ್ಕಾರ, ಬರ್ರಿ!" ಎಂದು ಕೂಗುತ್ತಿದ್ದಳು. ಮಾರೆವ್ವ ಎದುರು ಗೋಡೆ ಮುಟ್ಟಿ, ನಗುತ್ತ ತಲೆಯೆತ್ತಿದರೆ, ಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ ಇಮಾಮಬೀ.

"ಏನ ಮಾರಿ? ಭುಜ ಜಗ್ಗತೈತಿ ಅಂತಿದ್ದೆಲ್ಲ?"

ಮಾರೆವ್ವನ ನಗು ಆರಿಹೋಯಿತು. ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಷ್ಟು ಚೆಂದ ಹಾರಿ ಬಂದವಳ ಬಾಯಿಂದ ಅದು ಹೊರಡಲಿಲ್ಲ.

"ನೋವಿಲ್ಲ ಇಮಾಮಕ್ಕಾ. ಯಾವಾಗೋ ಹೋಗೈತಿ. ಇಲ್ಲಿ ನನಗ ಭಾಳ ಖುಷಿ ಆಕೈತಿ, ಅದಕ್ಕ ಬರ್ತೀನಿ. ನನ್ನ ಪಾಲಿಂದೂ ನೀ ದುಡಿದಿ. ತಪ್ಪಾತು. ನೀ ಬ್ಯಾಡ ಅಂದ್ರ ನಾಳೆಯಿಂದ ಬರೂದಿಲ್ಲ."

ಇಮಾಮಬೀ ಚಪ್ಪಲಿ ಬಿಟ್ಟಳು, ಸೀರೆಯನ್ನು ತುಸು ಎತ್ತಿ ದಂಡೆಯ ಮೇಲೆ ಕೂತು ಎರಡೂ ಕಾಲು ನೀರಿಗೆ ಇಳಿಬಿಟ್ಟಳು. ಹಂಚಿನ ಬಿಸಿ ಉಂಡ ಕಾಲುಗಳು. ಆಕೆಯ ಕಣ್ಣುಗಳು ತಾವಾಗಿ ಮುಚ್ಚಿದವು.

"ಯಾ ಅಲ್ಲಾ, ಎಷ್ಟ ತಣ್ಣಗದಾವ" ಎಂದಳು. ಆಮೇಲೆ ಕಣ್ಣು ಬಿಟ್ಟು, "ಇನ್ನೊಮ್ಮಿ ಹಾರು, ನೋಡೂಣು" ಎಂದಳು.

ಮದುವೆಯವರು ಕಾದರೆ ಕಾಯಲಿ ಎಂದು ಮಾರೆವ್ವ ಇನ್ನೊಮ್ಮೆ ಹಾರಿದಳು.

ಸಂಜೆ ಕೊನೆಯ ರೊಟ್ಟಿ ಬುಟ್ಟಿಗೆ ಬಿದ್ದ ಮೇಲೆ ಇಮಾಮಬೀ ಏಳುತ್ತ ಏಳುತ್ತ ಮೊಣಕಾಲು ಹಿಡಿದುಕೊಂಡು ಹಾಗೇ ಕುಸಿದಳು.

"ಯವ್ವಾ! ಗಾಳೇಶಣ್ಣ, ನನ್ನ ಮೊಣಕಾಲು ಯಾಕೋ ಭಾಳ ಜಗ್ಗಾಕ ಹತ್ಯಾವಪಾ. ಈಜಿದ್ರ ಕಡಿಮಿ ಆಕ್ಕಾವೇನೋ."

ಮಾರೆವ್ವ ಸೆರಗು ಬಾಯಿಗೆ ತುರುಕಿಕೊಂಡಳು.

"ಅಯ್ಯ, ಹೋಗ್ ಬರ್ರಿ ಅಕ್ಕಾರ, ಅದಕ್ಕೇನು" ಎಂದ ಗಾಳೇಶ ಮರುಕದಿಂದ. ಆಮೇಲೆ ಏನೋ ಹೊಳೆದು, "ಅಲ್ಲಾ, ನೀವಿಬ್ರೂ ಹೋದ್ರ ಆ ತಾಸು ಹಂಚಿನ ಮುಂದ ಯಾರು ಕುಂದ್ರೋರು?" ಎಂದ.

ಇಬ್ಬರೂ ಅವನ ಕಡೆ ತಿರುಗಿ ನೋಡಿದರು. ಅವನ ಭುಜಗಳೆರಡೂ ಗಟ್ಟಿಮುಟ್ಟಾಗಿದ್ದವು.