ಎಡಕ್ಕೆ ಹಿಂಡಿದ ಕೌದಿ

ನೀರು ಇಳಿದ ಭದ್ರಾ ಹಿನ್ನೀರಿನ ದಂಡೆಯಲ್ಲಿ ಅಮ್ಮ ಮತ್ತು ನಾನು ಎದುರುಬದುರು ನಿಂತಿದ್ದೇವೆ. ನಡುವೆ ಒದ್ದೆ ಕೌದಿ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಅಮ್ಮನೇ ಹೊಲಿದದ್ದು. ಮೇಲಿನ ಸೀರೆ ಹಸಿರು ಎಂದು ಬರೆಯಹೊರಟೆ. ಆದರೆ ಆ ನೆನಪಿನಲ್ಲಿ ಎಲ್ಲವೂ ಹಸಿರಾಗಿಯೇ ಕಾಣುತ್ತದೆ, ನೀರು, ಅಮ್ಮನ ಬಳೆ, ನನ್ನ ಪಾದ. ಬಣ್ಣವನ್ನು ನಂಬಬೇಡಿ. ಭಾರವನ್ನು ನಂಬಬಹುದು, ಅದು ಈಗಲೂ ತೋಳಿನಲ್ಲಿದೆ.

ಹಿಂದಿನ ಮಳೆಗಾಲದಲ್ಲಿ ಜಾರಿಬಿದ್ದು ಅಮ್ಮನ ಬಲ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿಕೊಂಡರೂ ಬಲ ಬಂದಿರಲಿಲ್ಲ. ಈ ಸಲ ತೊಳೆಯಲು ಆಗದಿದ್ದರೆ ಕೌದಿಗಳನ್ನೆಲ್ಲ ಕೊಟ್ಟಿಗೆಗೆ ಹಾಕಿ ಎನ್.ಆರ್. ಪುರದಿಂದ ರಗ್ಗು ತರುತ್ತೇನೆಂದು ಅಣ್ಣ ಹೇಳಿದ್ದ. ಲಾಂಡ್ರಿಗಾದರೂ ಕೊಡೋಣ ಎಂದಿದ್ದೆ ನಾನು.

“ಲಾಂಡ್ರಿಯವ್ರು ವಾಪಸ್ ಕೊಡ್ತಾರೆ ಮಾರಾಯ್ತಿ. ನಮ್ದೇ ಕೊಡ್ತಾರೆ ಅಂತ ಎಂತ ಗ್ಯಾರಂಟಿ?” ಎಂದಿದ್ದಳು ಅಮ್ಮ.

ಹಿಂಡತೊಡಗಿದೆವು. ಕೌದಿ ತಿರುಗಿತು, ತಿರುಗುತ್ತಲೇ ಇತ್ತು, ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ. ನೀರು ಮಾತ್ರ ಇಳಿಯಲಿಲ್ಲ. ನನಗೂ ಜೊಂಪು ಹತ್ತಿದಂತಾಯಿತು. ಎಷ್ಟು ಹೊತ್ತು ಹಾಗಿದ್ದೆವೋ; ಆ ಹೊತ್ತನ್ನು ನೆನಪೇ ಎಳೆದು ಉದ್ದ ಮಾಡಿರಬಹುದು.

ಪಕ್ಕದ ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ನೆರೆಮನೆಯ ಅಕ್ಕ ಕೈ ನಿಲ್ಲಿಸಿದರು. “ಎಂತದ್ರೇ ಅದು, ಕೌದಿ ಹಿಂಡ್ತಿದೀರೋ ತೊಟ್ಲು ತೂಗ್ತಿದೀರೋ? ಇಬ್ರೂ ಒಂದೇ ಬದಿಗೆ ತಿರುಗ್ಸಿದ್ರೆ ನೀರೆಲ್ಲಿ ಬರತ್ತೆ!”

ಎದುರುಬದುರು ನಿಂತ ಇಬ್ಬರೂ ತಮ್ಮ ತಮ್ಮ ಬಲಕ್ಕೆ ತಿರುಗಿಸಿದರೆ ಕೌದಿ ಹುರಿಗೊಳ್ಳುತ್ತದೆ. ನಾನು ಎಂದಿನಂತೆ ಬಲಕ್ಕೇ ತಿರುಗಿಸುತ್ತಿದ್ದೆ. ಅಮ್ಮ ನೋವಿನ ಕೈಯನ್ನು ಬರೀ ಆನಿಸಿಕೊಂಡು, ಎಡಗೈಯಿಂದ ತನ್ನ ಎಡಕ್ಕೆ. ಎದುರುಬದುರು ನಿಂತದ್ದರಿಂದ ಎರಡೂ ಒಂದೇ ಬದಿಯಾಗಿತ್ತು.

“ಬಲಕ್ಕೆ ತಿರುಗ್ತಾ ಇಲ್ಲ ಕಣೆ ಕೈ,” ಎಂದಳು, ಅಣ್ಣನಿಗೆ ಕೇಳಿಸಬಾರದೆಂಬಂತೆ ಮೆಲ್ಲಗೆ. ಅಣ್ಣ ಅಲ್ಲಿರಲೇ ಇಲ್ಲ.

ನಾನು ಕೈ ಬದಲಿಸಿ ನನ್ನ ಎಡಕ್ಕೆ ತಿರುಗಿಸಿದೆ. ಕೌದಿ ಬಿಗಿಯಾಗಿ ಹುರಿಗೊಂಡು ಗಿಡ್ಡವಾಗುತ್ತಾ ನಮ್ಮಿಬ್ಬರನ್ನೂ ಹತ್ತಿರಕ್ಕೆ ಎಳೆಯಿತು. ನೀರು ಧಾರೆಯಾಗಿ ಇಳಿಯಿತು.

“ಹಂಗೇ, ಹಂಗೇ, ಬಿಡ್ಬೇಡ!” ಅಮ್ಮ ಕೂಗಿದಳು.

ಬಂಡೆಯ ಮೇಲೆ ಹರವಿದಾಗಲೂ ಒಂದು ಮೂಲೆ ಸೋರುತ್ತಿತ್ತು. ಎರಡು ಬಿಸಿಲಾದರೂ ಬೇಕು ಎಂದರು ಅಕ್ಕ. ಅಮ್ಮ ಕೇಳಿಸಿಕೊಳ್ಳಲಿಲ್ಲ, ಅಣ್ಣನಿಗೆ ಫೋನ್ ಹಚ್ಚಿಕೊಡು ಎಂದಳು. “ರಗ್ಗು ಗಿಗ್ಗು ಎಂತದೂ ತರ್ಬೇಡ ಮಾರಾಯ. ಬರ್ತಾ ಬಟ್ಟೆ ಸೋಪು ತಗೊಂಡ್ ಬಾ,” ಎನ್ನುತ್ತಲೇ ಇನ್ನೊಂದು ಕೌದಿಯನ್ನು ಕಾಲಿನಿಂದ ನೀರಿಗೆ ತಳ್ಳಿದಳು.