ಭಂಡಾರ ಬಿದ್ದ ಎದೆ

ಆ ವಿಜಯದಶಮಿಯ ಬೆಳಗ್ಗೆ ಮೆರವಣಿಗೆ ಬಂದು ನಿಂತಾಗ, ನಾನು ಕೊಯಮತ್ತೂರಿನ ಒಪ್ಪನಕ್ಕಾರ ಬೀದಿಯ ಒಂದು ಹೋಟೆಲಿನ ಹೊರಮೆಟ್ಟಿಲ ಮೇಲೆ, ನನ್ನ ಸೋದರಮಾವನ ಎಡಗಡೆ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತಿದ್ದೆ. ನಮಗೂ ಬೀದಿಗೂ ನಡುವೆ ಒಂದು ಕ್ರೋಟನ್ ಕುಂಡ ಬಿಟ್ಟರೆ ಬೇರೇನೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ದಿನದ ಬಗ್ಗೆ ಈಗ ಮಾತಾಡುವವರಲ್ಲಿ ಹೆಚ್ಚಿನವರು ಅವತ್ತು ಜನರ ಹಿಂದೆ, ಬಹಳ ದೂರದಲ್ಲಿ ಇದ್ದವರು.

ಹೋದ ವಾರ ಪಲ್ಲಡಂನಲ್ಲಿ ಚಿಕ್ಕಪ್ಪನ ಮಗ ಶೇಖರನ ಮನೆಗೆ ಹೋದಾಗ ಬಾಗಿಲಲ್ಲೇ ನಿಂಬೆಹಣ್ಣಿನ ವಾಸನೆ ಬಂತು. ಉಪ್ಪಿನಕಾಯಿ ಹಾಕುತ್ತಿದ್ದಾರೆ ಅಂದುಕೊಂಡು ಒಳಗೆ ಹೋದೆ. ಶೇಖರ ಹಿತ್ತಲಲ್ಲಿ ಕೂತು ನಿಂಬೆಹೋಳಿನಿಂದ ಕತ್ತಿ ಉಜ್ಜುತ್ತಿದ್ದ. ಅವನಿಗೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಇನ್ನೂ ವರ್ಷವಾಗಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಾನೆ. ಗಡ್ಡ ಹೆರೆಯುವಾಗ ಗೀರಾದರೂ ರಕ್ತ ನಿಲ್ಲಿಸುವಷ್ಟರಲ್ಲಿ ಸಾಕಾಗುತ್ತದೆ ಎಂದು ಅವನ ಹೆಂಡತಿ ಹೇಳಿದಳು.

"ಏನೋ ಇದು?" ಅಂದೆ.

"ದಸರಾ ಬರ್ತದಲ್ಲಣ್ಣ."

"ಡಾಕ್ಟರನ್ನ ಕೇಳಿದೆಯಾ?"

"ಡಾಕ್ಟರ್‌ಗೆ ಏನ್ ತೆರಿಯುಂ, ಏನ್ ಗೊತ್ತು? ನಿನ್ನ ಮಾವ ಎದೆ ಕುಯ್ಸಿಕೊಂಡ ವರ್ಷವೇ ಕತ್ತಿ ಹಾಕಲಿಲ್ವಾ? ಊರೇ ನೋಡ್ತು. ತಾಯಿ ಕಾಪಾಡಲಿಲ್ವಾ?"

ನಾನು ಏನೋ ಹೇಳಲು ಬಾಯಿ ತೆರೆದೆ. ಅವನು ಮತ್ತೊಂದು ನಿಂಬೆಹಣ್ಣು ಕೊಯ್ದ. ಅಷ್ಟರಲ್ಲಿ ಕಾಫಿ ಬಂತು. ಬಸ್ಸಿನಲ್ಲಿ ತಿರುಪ್ಪೂರಿಗೆ ವಾಪಸ್ಸಾದ ರಾತ್ರಿಯೇ ಇದನ್ನು ಬರೆಯಲು ಕೂತೆ.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿಲ್ಲದಿರಬಹುದು. ನಾವು ನೇಯ್ಗೆಯ ಜನ. ಈ ಸೀಮೆಗೆ ಬಂದು ಎಷ್ಟು ತಲೆಮಾರಾಯಿತೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸಲು ದಾಟಿದರೆ ತಮಿಳು. ವಿಜಯದಶಮಿಯ ದಿನ ಚೌಡೇಶ್ವರಿಯ ಕಲಶವನ್ನು ಗುಡಿಗೆ ಕರೆತರುತ್ತಾರೆ. ತಾಯಿ ಸುಮ್ಮನೆ ಬರುವವಳಲ್ಲ. ಗಂಡಸರು ಜೋಡಿ ಜೋಡಿಯಾಗಿ ಎದುರುಬದುರು ನಿಂತು, "ತಗೋ ತಾಯೇ, ತೀಸ್ಕೋ ತಾಯೇ" ಎಂದು ಕೂಗುತ್ತ, ಅವರವರ ಎದೆಗೆ ಅವರವರೇ ಕತ್ತಿಯಿಂದ ಹೊಡೆದುಕೊಂಡು ಅವಳನ್ನು ಒಂದೊಂದೇ ಹೆಜ್ಜೆ ಕರೆಯಬೇಕು. ಗಾಯವಾದಲ್ಲಿ ಭಂಡಾರ, ಅಂದರೆ ತಾಯಿಯ ಅರಿಶಿನದ ಪುಡಿ, ಇಡುತ್ತಾರೆ. ಗಾಯವಿಲ್ಲದ ಕಡೆ ಅದನ್ನು ಇಡುವುದಿಲ್ಲ. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ನಾನು ಒಮ್ಮೆಯೂ ಕತ್ತಿ ಹಿಡಿದವನಲ್ಲ. ವಿಮಾ ಕಚೇರಿಯ ಗುಮಾಸ್ತ. ಹತ್ತಿಸುತ್ತಿದ್ದ ಊದುಬತ್ತಿ ಕೈಗೆ ತಾಗಿದರೂ ಮನೆಯವರನ್ನೆಲ್ಲ ಕೂಗಿ ಕರೆಯುವ ಜಾತಿ. ಮಾವ ಹಾಗಲ್ಲ. ಯೌವನದಿಂದ ಅವರದು ಮುಂದಿನ ಸಾಲು. ಎದುರಿಗೆ ಯಾವಾಗಲೂ ಪಳನಿಸಾಮಿ. ಇಬ್ಬರೂ ಒಂದೇ ಓಣಿಯಲ್ಲಿ ಮಗ್ಗ ತುಳಿದು ಬೆಳೆದವರು.

ಆ ವರ್ಷ ಮಾವನಿಗೆ ಬೈಪಾಸ್ ಆಯಿತು. ಎದೆಯ ಮೂಳೆ ಇನ್ನೂ ಕೂಡಿರಲಿಲ್ಲ. ಕೆಮ್ಮುವಾಗ ದಿಂಬು ಅಪ್ಪಿಕೊಂಡು ಕೆಮ್ಮಬೇಕಿತ್ತು. ಮಗಳು ಸರೋಜಾ ಒಂದು ಉಪಾಯ ಮಾಡಿದಳು. ಹಬ್ಬದಲ್ಲಿ ರಾಜಬೀದಿಯ ಮನೆಯ ತುಂಬ ನೆಂಟರು, ಪೂಜೆಗಿಟ್ಟ ಕತ್ತಿಗಳು. ಅಪ್ಪನನ್ನು ಅಲ್ಲಿ ಬಿಟ್ಟರೆ ಕೈ ಸುಮ್ಮನಿರುವುದಿಲ್ಲ. ದೂರ ಕಳಿಸಲು ಡಾಕ್ಟರು ಬಿಡುವುದಿಲ್ಲ. ಆದ್ದರಿಂದ ಹತ್ತಿರದಲ್ಲೇ ಒಂದು ಹೋಟೆಲು. ಲಿಫ್ಟ್ ಇರಬೇಕು, ಎ.ಸಿ. ಇರಬೇಕು, ಊಟದಲ್ಲಿ ಉಪ್ಪು ಕಡಿಮೆ ಹಾಕಬೇಕು ಎಂದೆಲ್ಲ ಫೋನಿನಲ್ಲಿ ವಿಚಾರಿಸಿದಳು. ಕಿಟಕಿ ಯಾವ ಕಡೆಗೆ ಎಂದು ಕೇಳಲು ಮರೆತಳು. ಅದು ಮೆರವಣಿಗೆಯ ಬೀದಿಗೇ ತೆರೆಯುತ್ತಿತ್ತು. ಕಾವಲಿಗೆ ನಾನು.

ಸ್ವಂತ ಊರಿನಲ್ಲಿ ಹೋಟೆಲಿಗೆ ಹೋಗಿ ನೋಡಿ, ನೀವು ಏನೋ ತಪ್ಪು ಮಾಡಿದವರಂತೆ ಕಾಣುತ್ತೀರಿ. ಕೌಂಟರಿನಲ್ಲಿದ್ದ ಕವಿತಾ ಎಂಬ ಹುಡುಗಿ ಮಾವನ ಗುರುತಿನ ಚೀಟಿ ನೋಡಿ, "ಸಾರ್, ಲೋಕಲ್ ಐಡಿಗೆ ರೂಮ್ ಇಲ್ಲೆ ಸಾರ್" ಅಂದಳು. ಊರವರಿಗೆ ಕೋಣೆ ಕೊಡದಿರುವುದು ಅಲ್ಲಿಯ ನಿಯಮ.

ಮಾವ ನನ್ನ ಕಡೆ ತಿರುಗಿ, "ಕೇಳಿದೆಯಾ? ಇದೇ ಊರಲ್ಲಿ ಹುಟ್ಟಿದ ತಪ್ಪಿಗೆ ಜಾಗ ಇಲ್ವಂತೆ. ಬಾ, ಮನೆಗೆ ಹೋಗೋಣ," ಅಂದರು. ಮುಖದಲ್ಲಿ ಎಂಥ ಸಂತೋಷ! ನನ್ನ ತಿರುಪ್ಪೂರಿನ ವಿಳಾಸ ಆ ಸಂತೋಷಕ್ಕೆ ಕಲ್ಲು ಹಾಕಿತು.

ಕೋಣೆ ಚೆನ್ನಾಗಿಯೇ ಇತ್ತು. ಬಿಳಿ ಹಾಸಿಗೆಯ ಕಾಲ್ದೆಸೆಗೆ ಅಡ್ಡಲಾಗಿ ಒಂದು ಕೆಂಪು ಬಟ್ಟೆ ಹಾಸಿದ್ದರು. ಮಾವ ಅದನ್ನು ಬೆರಳಲ್ಲಿ ಉಜ್ಜಿ, "ಪಾಲಿಯೆಸ್ಟರ್," ಎಂದು ಕೆಳಗೆ ಹಾಕಿದರು. ಬಾತ್‌ರೂಮಿನ ಪುಟ್ಟ ಸಾಬೂನನ್ನು ಮೂಸಿ ನೋಡಿ ಜೇಬಿಗಿಳಿಸಿದರು. ಕೆಳಗೆ ಉಕ್ಕಡಕ್ಕೆ ಹೋಗುವ ಬಸ್ಸುಗಳು, ಜವಳಿ ಅಂಗಡಿಯವರ ಮೈಕು, ಹೂ ಮಾರುವವರ ಕೂಗು. ಜೀವಮಾನವಿಡೀ ಆ ಗದ್ದಲದೊಳಗೆ ನಡೆದವರು ಮೊದಲ ಸಲ ಅದನ್ನು ಮೇಲಿನಿಂದ ನೋಡಿದರು. "ಪರವಾಯಿಲ್ಲೆ, ಊರು ದೊಡ್ಡದೇ ಇದೆ," ಅಂದರು.

ಹಬ್ಬದ ದಿನ ಉಪ್ಪಿಲ್ಲದ ಪೊಂಗಲ್ ತಿಂದು ಮಾವ ಕಿಟಕಿಯ ಹತ್ತಿರ ಕೂತಿದ್ದರು. ಸರೋಜಾ ಮನೆಯ ಪೂಜೆ ಮುಗಿಸಿ ಓಡಿಬಂದಿದ್ದಳು. ದೂರದಲ್ಲಿ ಕೂಗು ಕೇಳಿಸಿತು. ಮಾವ ಎದ್ದರು.

"ಕೆಳಗೆ ಹೋಗಿ ನಿಲ್ತೀನಿ. ಅಷ್ಟೇ."

"ಅಪ್ಪಾ, ವೇಂಡಾ. ಇಲ್ಲಿಂದಲೇ ಚೆನ್ನಾಗಿ ಕಾಣ್ತದೆ."

"ತಾಯಿ ಬೀದೀಲಿ ಬರುವಾಗ ನಾನು ಅವಳ ತಲೆ ಮೇಲೆ ಕೂರಲಾ?"

ಸರೋಜಾ ನನ್ನ ಮುಖ ನೋಡಿದಳು. ನಾನು ಚಪ್ಪಲಿ ಮೆಟ್ಟಿಕೊಂಡೆ. ಲಿಫ್ಟಿನಲ್ಲಿ ಮೂವರೂ ಇಳಿದೆವು. ಮೆಟ್ಟಿಲ ಮೇಲೆ ಅವಳು ಅಪ್ಪನ ಬಲಗಡೆ ನಿಂತು ಅವರ ಅಂಗಿಯ ತೋಳು ಹಿಡಿದುಕೊಂಡಳು. ಕವಿತಾ ಕೌಂಟರ್ ಬಿಟ್ಟು ಬಂದು ಗಾಜಿನ ಬಾಗಿಲಲ್ಲಿ ನಿಂತಳು.

ಮುಂದಿನ ಸಾಲಿನಲ್ಲಿ ಎಲ್ಲರಿಗೂ ಜೋಡಿ ಇತ್ತು, ಪಳನಿಸಾಮಿಗೆ ಮಾತ್ರ ಇರಲಿಲ್ಲ. ಅವರ ಎದುರಿನ ಜಾಗಕ್ಕೆ ಯಾರೂ ಬಂದಿರಲಿಲ್ಲ. ಕೈಯಲ್ಲಿ ತಮ್ಮ ಕತ್ತಿ, ಹೆಗಲ ಮೇಲೆ ಮನೆಯ ಪೂಜೆಯಿಂದ ಎತ್ತಿ ತಂದ ಮಾವನ ಕತ್ತಿ. ನಮ್ಮನ್ನು ನೋಡಿ ನಿಂತುಬಿಟ್ಟರು. ಅವರು ನಿಂತದ್ದರಿಂದ ಸಾಲು ನಿಂತಿತು. ಸಾಲು ನಿಂತದ್ದರಿಂದ ಕಲಶವೂ ನಿಂತಿತು. "ಅಮ್ಮ ನಿಂತಳು, ಅಮ್ಮ ನಿಂತಳು," ಎಂದು ಹಿಂದಿನವರು ಕೂಗತೊಡಗಿದರು.

ಪಳನಿಸಾಮಿ ಮೆಟ್ಟಿಲ ಬುಡಕ್ಕೆ ಬಂದು ಮಾವನ ಕತ್ತಿಯನ್ನು ಚಾಚಿದರು. "ಬಾ ಮಾಪ್ಳೆ. ಎದುರಿಗೆ ಆಳಿಲ್ಲದೆ ಕೈ ಏಳ್ತಿಲ್ಲ."

ಸರೋಜಾ, "ಪಳನಿ ಮಾಮಾ, ಕೊಡಬೇಡಿ, ಸತ್ತುಹೋಗ್ತಾರೆ," ಎಂದು ಕಿರುಚಿದಳು. ಮಾವ ತೋಳು ಬಿಡಿಸಿಕೊಂಡು ಕತ್ತಿ ತೆಗೆದುಕೊಂಡರು. ನಾನು ಅವರ ಮಣಿಕಟ್ಟು ಹಿಡಿಯಲು ಹೋದೆ. ಹಿಡಿಯಲಾಗಲಿಲ್ಲ.

ಇನ್ನು ನಿಧಾನವಾಗಿ ಹೇಳುತ್ತೇನೆ. ಮಾವ ಕತ್ತಿಯನ್ನು ಕಣ್ಣಿಗೊತ್ತಿಕೊಂಡರು. ಅದನ್ನು ಮೇಲೆತ್ತಲಿಲ್ಲ. ಎಡಕ್ಕೆ ತಿರುಗಿ ನನ್ನ ಕೈಯಲ್ಲಿಟ್ಟರು. ಆಮೇಲೆ ಅಂಗಿಯ ಗುಂಡಿ ಬಿಚ್ಚಿದರು. ಗಂಟಲ ಕೆಳಗಿನಿಂದ ಹೊಟ್ಟೆಯವರೆಗೆ ಆಪರೇಷನ್ನಿನ ಗೆರೆ, ಇನ್ನೂ ನೇರಳೆ ಬಣ್ಣಕ್ಕಿತ್ತು.

"ನೋಡೋ ಪಳನೀ. ನಂದು ತಗೊಂಡಾಯ್ತು ಅವಳು. ಇನ್ನೊಂದ್ ಸಲ ಕೊಡೋದಕ್ಕೆ ಇವಳು ಬಿಡಲ್ಲ," ಎಂದು ಮಗಳ ಕಡೆ ಗಲ್ಲ ತೋರಿಸಿದರು.

ಪಳನಿಸಾಮಿ ಆ ಗೆರೆಯನ್ನು ನೋಡುತ್ತ ನಿಂತರು. ಸೊಂಟದ ಚೀಲದಿಂದ ಭಂಡಾರ ತೆಗೆದು, ಹಸಿ ಗಾಯಕ್ಕೆ ಇಡುವ ಹಾಗೆಯೇ, ಮೇಲಿನಿಂದ ಕೆಳಗಿನವರೆಗೆ ಇಟ್ಟರು. ಪುಡಿ ಉದುರಿ ಎದೆಯೆಲ್ಲ ಹಳದಿಯಾಯಿತು. ಮಾವ ಬರಿಗೈಯಲ್ಲಿ ಬೀದಿಗಿಳಿದು ಅವರ ಎದುರಿಗೆ ನಿಂತು, "ತಗೋ ತಾಯೇ" ಎಂದು ಕೂಗಿದರು. ಪಳನಿಸಾಮಿಯ ಕತ್ತಿ ಎದ್ದಿತು. ಕಲಶ ಹೊರಟಿತು.

ಗುಡಿಯವರೆಗೆ ಮಾವ ಹಾಗೆಯೇ ನಡೆದರು. ಪ್ರತಿ ಕೂಗಿಗೂ ಅವರ ಬರಿಯ ಅಂಗೈ ಏಳುತ್ತಿತ್ತು, ಎದೆಗೆ ಮುಟ್ಟುವ ಮುಂಚೆ ನಿಲ್ಲುತ್ತಿತ್ತು. ನಾನು ಪಕ್ಕದಲ್ಲೇ, ಬಿಸಿಲಲ್ಲಿ ಕೊಡೆ ಮಡಚಿ ಹಿಡಿದವನಂತೆ, ಅವರ ಕತ್ತಿ ಹೊತ್ತು ನಡೆದೆ. ಅದರಲ್ಲಿ ಒಂದು ಹನಿ ರಕ್ತವಿರಲಿಲ್ಲ.

ಆದರೆ ಬೀದಿಯ ಇಕ್ಕೆಲದ ಜನ ಕಂಡದ್ದು ಏನು? ಭಂಡಾರ ಬಿದ್ದ ಎದೆ, ಪಕ್ಕದಲ್ಲಿ ಅವರ ಕತ್ತಿ. ನಮ್ಮವರು ಅದನ್ನು ಇನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಸಂಜೆಯೊಳಗೆ ಕಥೆ ಹುಟ್ಟಿತ್ತು. ಮಾವ ಇದ್ದಷ್ಟು ಕಾಲ ಯಾರಾದರೂ ಕಾಲಿಗೆ ಬಿದ್ದರೆ, "ಅಯ್ಯೋ, ನಾನೆಲ್ಲಿ ಹಾಕ್ಕೊಂಡೆ!" ಎಂದು ನಗುತ್ತಿದ್ದರು. ದೊಡ್ಡವರ ವಿನಯ ಎಂದು ಜನ ಮತ್ತಷ್ಟು ನಂಬಿದರು. ಹೃದಯಕ್ಕೆ ಸಂಬಂಧವಿಲ್ಲದ ಕಾಯಿಲೆಯಲ್ಲಿ ಅವರು ತೀರಿಕೊಂಡು ಕೆಲವು ವರ್ಷವಾಯಿತು. ಈಗ ಅಲ್ಲಗಳೆಯುವವರೂ ಇಲ್ಲ.

ಆ ಕಥೆ ನನಗೂ ಇಷ್ಟವಾಗಿತ್ತು ಎಂದು ಈಗ ತಿಳಿಯುತ್ತದೆ. ಇಂಥ ಮಾವನ ಅಳಿಯ ಎನ್ನಿಸಿಕೊಳ್ಳುವುದು ಯಾರಿಗೆ ಬೇಡ? ಪಲ್ಲಡಂನ ಹಿತ್ತಲಲ್ಲಿ ಆ ನಿಂಬೆಹಣ್ಣು ನೋಡುವವರೆಗೆ ಅದರಿಂದ ಒಬ್ಬನ ಜೀವ ಹೋಗಬಹುದು ಎಂದು ಹೊಳೆದಿರಲಿಲ್ಲ.

ನಾಳೆ ಮತ್ತೆ ಅಲ್ಲಿಗೆ ಹೋಗುತ್ತೇನೆ. ಶೇಖರನಿಗೆ ಕನ್ನಡ ಓದಲು ಬಾರದು, ಇದನ್ನು ನಾನೇ ಓದಿ ಹೇಳಬೇಕು. ನನ್ನ ಮಾತು ನಂಬದಿದ್ದರೆ ಬೇಡ, ನೋಡಿದವರು ಇನ್ನೂ ಇದ್ದಾರೆ. ಸರೋಜಾ ಅದೇ ರಾಜಬೀದಿಯ ಮನೆಯಲ್ಲಿದ್ದಾಳೆ. ಕವಿತಾ ಮದುವೆಯಾಗಿ ವೆಳ್ಳಕೋಯಿಲಿನಲ್ಲಿದ್ದಾಳೆ, ದೀಪಾವಳಿಗೆ ಈಗಲೂ ಸರೋಜಾಳಿಗೆ ಫೋನ್ ಮಾಡುತ್ತಾಳೆ. ಪಳನಿಸಾಮಿ ಗುಡಿಯ ಹಿಂದಿನ ಓಣಿಯಲ್ಲಿದ್ದಾರೆ. ಕಿವಿ ಮಂದ, ಜೋರಾಗಿ ಕೇಳಬೇಕು.